ಏಳು ಗಂಟೆ ಅಂದ್ರೆ ಮಧ್ಯಾಹ್ನ ಒಂದು

ಅಡಿಸ್ ಅಬಾಬಾದ ಮೊದಲ ಬೆಳಗ್ಗೆ ಕಾರಿಗಾಗಿ ಕಾದು ಕಾದು ಸಾಕಾಯಿತು. 'ನಾಳೆ ಏಳಕ್ಕೆ ಬಾ' ಎಂದು ಹಿಂದಿನ ಸಂಜೆಯೇ ಡ್ರೈವರಿಗೆ ಹೇಳಿದ್ದೆ. ಏಳಾಯಿತು, ಎಂಟಾಯಿತು, ಹತ್ತೂ ಆಯಿತು. ಆಸಾಮಿ ಪತ್ತೆಯಿಲ್ಲ. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬಂದು ಹಾರ್ನ್ ಹೊಡೆದ. ತಡವಾಯಿತೆಂಬ ಅಳುಕು ಮುಖದಲ್ಲಿ ಚೂರೂ ಇರಲಿಲ್ಲ.

ತಪ್ಪು ಅವನದಲ್ಲ. ಇಥಿಯೋಪಿಯಾದಲ್ಲಿ ಗಂಟೆಯ ಲೆಕ್ಕ ಶುರುವಾಗುವುದೇ ನಮ್ಮ ಬೆಳಗಿನ ಆರಕ್ಕೆ. ನಮ್ಮ ಏಳು ಅವರಿಗೆ ಒಂದು, ನಮ್ಮ ಮಧ್ಯಾಹ್ನದ ಒಂದು ಅವರಿಗೆ ಏಳು. ಸಂಜೆ ಆರಾದರೆ ರಾತ್ರಿಯ ಎಣಿಕೆ ಮತ್ತೆ ಮೊದಲಿನಿಂದ. ಸಮಭಾಜಕಕ್ಕೆ ಹತ್ತಿರದ ನಾಡು, ವರ್ಷವಿಡೀ ಸೂರ್ಯ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹುಟ್ಟುತ್ತಾನೆ. ಅವನು ಎದ್ದ ಮೇಲೆ ತಾನೇ ದಿನ? ಎಲ್ಲರೂ ಗೊರಕೆ ಹೊಡೆಯುವಾಗ ತಾರೀಖು ಬದಲಿಸುವ ನಮ್ಮ ಪದ್ಧತಿಯೇ ನನಗೆ ವಿಚಿತ್ರ ಅನ್ನಿಸತೊಡಗಿತು. ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗದವರನ್ನು ಇಲ್ಲಿ ಬಿಟ್ಟಿದ್ದರೆ ಗೊಂದಲವೇ ಆಗುತ್ತಿರಲಿಲ್ಲ.

ನಾನು ಹೋಗಿದ್ದು 2024ರ ಫೆಬ್ರುವರಿಯಲ್ಲಿ. ಅವರ ಕ್ಯಾಲೆಂಡರಿನಲ್ಲಿ ಅದು 2016. ವರ್ಷಕ್ಕೆ 13 ತಿಂಗಳು: ಮೂವತ್ತು ದಿನಗಳ ಹನ್ನೆರಡು, ಕೊನೆಗೆ ಐದೋ ಆರೋ ದಿನದ 'ಪಾಗುಮೆ' ಎಂಬ ಪುಟ್ಟ ತಿಂಗಳು. ಆ ತಿಂಗಳ ಸಂಬಳ ಹೇಗೋ ಏನೋ, ಕೇಳಲು ಮರೆತೆ.

ಊಟಕ್ಕೆ ಹೆದರಿದ್ದೆ. ಆದರೆ ಅಂದು ಬುಧವಾರ. ಬುಧವಾರ, ಶುಕ್ರವಾರ ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರಿಗೆ ಉಪವಾಸ. ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಟೆಫ್ ಎಂಬ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಒಂದೇ ಮಗ್ಗುಲು ಬೇಯಿಸಿದ ಇಂಜೆರಾ ಬಂತು. ಸೆಟ್ ದೋಸೆಯಂತೆ ಮೈತುಂಬ ತೂತು, ಆದರೆ ಹುಳಿ ಜಾಸ್ತಿ. ಮೇಲೆ ಶಿರೋ ಎಂಬ ಕಡಲೆಹಿಟ್ಟಿನ ಗೊಜ್ಜು, ಥೇಟ್ ಖಾರದ ಜುಣಕ! ಡ್ರೈವರ್ ಒಂದು ತುತ್ತು ಸುತ್ತಿ ನನ್ನ ಬಾಯಿಗೇ ಇಟ್ಟುಬಿಟ್ಟ. ಇದಕ್ಕೆ 'ಗುರ್ಶಾ' ಅನ್ನುತ್ತಾರಂತೆ. ಪ್ರೀತಿ ಹೆಚ್ಚಿದಷ್ಟೂ ತುತ್ತು ದೊಡ್ಡದು. ನನಗೆ ಸಿಕ್ಕಿದ್ದು ಮಧ್ಯಮ ಗಾತ್ರದ್ದು.

ಆಮೇಲೆ ಬುನಾ, ಅಂದರೆ ಕಾಫಿ. ನಮ್ಮ ಚಿಕ್ಕಮಗಳೂರಿನ ಅರೇಬಿಕಾ ಗಿಡದ ತವರು ಈ ದೇಶದ ಕಾಡೇ ಅಲ್ವಾ! ಹಸಿ ಬೀಜವನ್ನು ನಮ್ಮೆದುರೇ ಹುರಿದು, ಹೊಗೆಯನ್ನು ಮೂಗಿನ ಹತ್ತಿರ ತಂದು ತೋರಿಸಿ, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿದರು. ಮೂರು ಸುತ್ತು: ಅಬೋಲ್, ತೋನಾ, ಬರಕಾ. ಜೊತೆಗೆ ಪಾಪ್‌ಕಾರ್ನ್. ಅವಸರದವರಿಗೆ ಈ ಕಾಫಿ ಆಗಿಬರಲ್ಲ.

ಬೀದಿಯ ಮಕ್ಕಳು ನನ್ನನ್ನು ನೋಡಿ 'ಫೆರೆಂಜ್' ಎಂದು ಕೂಗಿದವು. ವಿದೇಶಿ ಎಂದರ್ಥ. ನಮ್ಮ ಪರಂಗಿಯೂ ಇದೇ ಬಳಗದ ಪದ. ಕಪ್ಪು ಮೈಬಣ್ಣದ ನಾನೂ ಪರಂಗಿಯವನಾದೆ!

ಮರುದಿನಕ್ಕೆ ನಾನು ಜಾಣನಾಗಿದ್ದೆ. ಬೆಳಗ್ಗೆ ಏಳಕ್ಕೆ ಹೊರಡಬೇಕು, ಅವರ ಲೆಕ್ಕದಲ್ಲೇ 'ಒಂದು ಗಂಟೆಗೆ ಬಾ' ಅಂದೆ. ಅವನು ಬೆಚ್ಚಿಬಿದ್ದವನಂತೆ ಗಪ್ಪನೆ ಉಸಿರೆಳೆದುಕೊಂಡ. ಅಲ್ಲಿ ಅದಕ್ಕೆ 'ಹೂಂ' ಎಂದರ್ಥ.

ಬಂದಿದ್ದು ಮಧ್ಯಾಹ್ನ ಒಂದಕ್ಕೇ. ಪಾಪ, ಫೆರೆಂಜ್ ಗಂಟೆ ಹೇಳಿದ್ದಾನೆ ಎಂದು ಅವನೂ ಲೆಕ್ಕ ಹಾಕಿದ್ದ.