ಪಿ1 ಮುಗಿಯಿತು, ಸೊಂಟ ಏಳಲಿಲ್ಲ

ಶುಕ್ರವಾರ ಊಟದ ಹೊತ್ತಿಗೆ ಆಫೀಸಿನಲ್ಲಿ ಪಿ1 ಬಿತ್ತು, ಅಂದರೆ ಎಲ್ಲ ಬಿಟ್ಟು ಮೊದಲು ಸರಿಮಾಡಬೇಕಾದ ತೊಂದರೆ. ಪೇಮೆಂಟ್ ಸರ್ವಿಸ್ ಡೌನ್. ಎಲ್ಲರೂ ಒಟ್ಟಿಗೆ ಸೇರಿ ತೊಂದರೆ ಬಗೆಹರಿಸುವ ಬ್ರಿಡ್ಜ್ ಕಾಲ್‌ಗೆ ಸೇರಿದವನು, ರೋಲ್‌ಬ್ಯಾಕ್ (ಸಾಫ್ಟ್‌ವೇರನ್ನು ಹಳೆಯ ಆವೃತ್ತಿಗೆ ಮರಳಿಸುವುದು) ಮುಗಿಯುವವರೆಗೂ ಕುರ್ಚಿ ಬಿಡಲಿಲ್ಲ. ಲಾಗ್ (ಸರ್ವಿಸ್ ಬರೆದಿಡುವ ದಾಖಲೆ) ನೋಡುವುದು, "ಅಪ್‌ಡೇಟ್ ಏನು?" ಅನ್ನುವ ಮ್ಯಾನೇಜರ್‌ಗೆ ಅದೇ ಉತ್ತರ ಕೊಡುವುದು, ಮತ್ತೆ ಲಾಗ್. ಎದ್ದು ಹೋಗಬೇಕಾದೀತು ಅಂತ ನೀರೂ ಕುಡಿಯಲಿಲ್ಲ.

ಸಂಜೆ ಸರ್ವಿಸ್ ಎದ್ದಿತು, ನಾನು ಏಳಲಿಲ್ಲ. ಎಡಗಾಲು ಜೋಮು ಹಿಡಿದಿತ್ತು, ಸೊಂಟ ನೆಟ್ಟಗಾಗಲೊಲ್ಲದು. ಮೇಜಿನ ಅಂಚು ಹಿಡಿದು ಅರ್ಧ ಬಗ್ಗಿ ನಿಂತೆ. ಪಕ್ಕದ ಸೀಟಿನ ಹುಡುಗ, "ಸರ್, ಏನಾದ್ರೂ ಬಿತ್ತಾ?" ಅಂದ. "ಪೆನ್ನು" ಅಂದೆ. ಪಾಪ, ಮೇಜಿನ ಕೆಳಗೆಲ್ಲ ಹುಡುಕಿದ.

ನನಗೆ 52. ಬೆಳಿಗ್ಗೆ ಅರ್ಧ ಗಂಟೆ ವಾಕ್ ಮಾಡ್ತೀನಲ್ಲ, ಆಮೇಲೆ ಎಷ್ಟು ಕೂತರೂ ನಡೆಯುತ್ತೆ ಅನ್ನೋ ಲೆಕ್ಕ ನನ್ನದು. 2016ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಬೇರೆ ಲೆಕ್ಕ ಹೇಳುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಅದು. ದಿನಕ್ಕೆ 8 ಗಂಟೆಗಿಂತ ಜಾಸ್ತಿ ಕೂರುವವರಲ್ಲಿ ಬೇಗ ಸಾಯುವ ಅಪಾಯ ಹೆಚ್ಚು. ಆ ಹೆಚ್ಚಳ ಕಾಣದೇ ಹೋಗಿದ್ದು ದಿನಕ್ಕೆ 60ರಿಂದ 75 ನಿಮಿಷ ಬಿರುಸಾಗಿ ನಡೆಯುವಷ್ಟು ಚಟುವಟಿಕೆ ಇದ್ದವರಲ್ಲಿ. ನನ್ನ ಅರ್ಧ ಗಂಟೆ ದಂಡ ಅಲ್ಲ, ಆದರೆ ಸಾಲದು.

ಕೂತಾಗ ಕಾಲಿನ ದೊಡ್ಡ ಸ್ನಾಯುಗಳಿಗೆ ಕೆಲಸವೇ ಇಲ್ಲ. ರಕ್ತವನ್ನು ಮೇಲಕ್ಕೆ ತಳ್ಳುವ ಮೀನಖಂಡದ ಪಂಪು ಸುಮ್ನಿರುತ್ತದೆ. ಊಟದ ನಂತರ ಸಕ್ಕರೆ ರಕ್ತದಲ್ಲೇ ಜಾಸ್ತಿ ಹೊತ್ತು ಉಳಿಯುತ್ತದೆ. ಸ್ನಾಯು ಹೇಗೂ ಸವೆಯುವ ವಯಸ್ಸು, ಬಳಸದಿದ್ದರೆ ಇನ್ನೂ ಬೇಗ.

ಮ್ಯಾನೇಜ್‌ಮೆಂಟ್‌ನವರು ಸ್ಟ್ಯಾಂಡಿಂಗ್ ಡೆಸ್ಕ್ ತರಿಸಿದ್ದಾರೆ. ಅದರ ಮೇಲೀಗ ಪ್ರಿಂಟರ್ ಪೇಪರ್ ಇದೆ. ಇದ್ದಲ್ಲೇ ಗಂಟೆಗಟ್ಟಲೆ ನಿಂತರೆ ಕಾಲು ಊದುತ್ತದೆ, ಅಲುಗಾಡಬೇಕು. ಸ್ಟೆಪ್ ಚಾಲೆಂಜ್ ಆ್ಯಪ್ ಕೂಡ ಬಂತು. ಮೀಟಿಂಗ್‌ನಲ್ಲಿ ಕೂತೇ ಕೈ ಅಲ್ಲಾಡಿಸಿದವರು ಗೆದ್ದರು!

ಈಗ ಸ್ಕ್ರೀನ್ ಬೇಡದ ಕಾಲ್‌ಗಳನ್ನೆಲ್ಲ ಕಾರಿಡಾರ್‌ನಲ್ಲಿ ನಡೀತಾ ಮುಗಿಸುತ್ತೇನೆ. ಬಿಲ್ಡ್ ಓಡುವಾಗ, ಅಂದರೆ ಕೋಡ್‌ನಿಂದ ಪ್ರೋಗ್ರಾಂ ತಯಾರಾಗಲಿ ಅಂತ ಕಾಯುವಾಗ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುತ್ತೇನೆ. ಮುಪ್ಪಿನಲ್ಲಿ ತಾನೇ ಎದ್ದು ಓಡಾಡಲು ಬೇಕಾದ ತೊಡೆಬಲ ಅದರಿಂದಲೇ ತಾನೆ? ಬ್ರಿಡ್ಜ್ ಕಾಲ್‌ನಲ್ಲಿ ಇಬ್ಬರು ಪಾಳಿ ಹಾಕಿಕೊಂಡು ಏಳುತ್ತೇವೆ.

ಎಲ್ಲ ಮೀಟಿಂಗ್‌ಗಳೂ 50 ನಿಮಿಷಕ್ಕೆ ಮುಗಿಯಲಿ ಅಂತ ಮೇಲ್ ಹಾಕಿದ್ದೆ. ಅದನ್ನು ಚರ್ಚಿಸಲು ಒಂದೂವರೆ ಗಂಟೆಯ ಮೀಟಿಂಗ್ ಇಟ್ಟಿದ್ದಾರೆ.