ಯಾರಿಗೂ ಗೊತ್ತಿಲ್ಲದ ಜಾಗ ನನಗೂ ಗೊತ್ತಿಲ್ಲ

ರಜಾ ಸಿಕ್ಕರೆ ಬೆಂಗಳೂರಿನ ಸುತ್ತಮುತ್ತಲ ಊರುಗಳಿಗೆ ಹೊರಟುಬಿಡುತ್ತೇನೆ ಅನ್ನುವುದು ಆಫೀಸಿನವರಿಗೂ ನೆಂಟರಿಗೂ ಗೊತ್ತು. ಹಾಗಾಗಿ ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ. "ಒಂದು ದಿನದಲ್ಲಿ ಹೋಗಿ ಬರೋ ಹಾಗೆ, ಯಾರಿಗೂ ಗೊತ್ತಿಲ್ಲದ ಜಾಗ ಒಂದು ಹೇಳಿ. ನಂದಿ ಬೆಟ್ಟ ಬೇಡ. ಜನ ಇರಬಾರದು." ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳಿದ್ದಾರೆ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದಾಗಲೂ ಕೇಳಿದ್ದಾರೆ, ಅದೂ ರೋಗಿಯೇ. ಇನ್ನು ಬಾಯಿಬಿಟ್ಟು ಹೇಳುವ ಶಕ್ತಿ ನನಗಿಲ್ಲ. ಬರೆದಿಡುತ್ತೇನೆ, ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಯಾರಿಗೂ ಗೊತ್ತಿಲ್ಲದ ಜಾಗ ಬೆಂಗಳೂರಿನ ಸುತ್ತ ಒಂದೂ ಇಲ್ಲ. ನಿಮಗೆ ಗೊತ್ತಿಲ್ಲದ ಊರುಗಳಿವೆ, ಅಷ್ಟೇ. ಅಲ್ಲಿ ಹಾಲಿನ ಡೈರಿ ಇದೆ, ಶಾಲೆ ಇದೆ, ಜಗಲಿ ಮೇಲೆ ಕೂತು ನೀವು ಕಾರು ಎಲ್ಲಿ ನಿಲ್ಲಿಸುತ್ತೀರಿ ಎಂದು ನೋಡುವ ಹಿರಿಯರಿದ್ದಾರೆ. ಅವರನ್ನೆಲ್ಲ "ಯಾರೂ ಅಲ್ಲ" ಎಂದು ಲೆಕ್ಕ ಹಾಕಿ ಕೇಳುವ ಪ್ರಶ್ನೆ ಇದು. ಅದಕ್ಕೇ ನನಗೆ ಸಿಟ್ಟು.

ಕೊಕ್ಕರೆ ಬೆಳ್ಳೂರನ್ನೇ ತೆಗೆದುಕೊಳ್ಳಿ. ಮದ್ದೂರು ತಾಲ್ಲೂಕಿನ ಹಳ್ಳಿ. ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು. ಹೊಸ ಎಕ್ಸ್‌ಪ್ರೆಸ್‌ವೇ ಹಿಡಿದು ಹಾರಿದರೆ ಸಿಗುವುದಿಲ್ಲ, ಹಳೇ ರಸ್ತೆಯಲ್ಲೇ ಹೋಗಿ. ಊರೊಳಗಿನ ಹುಣಸೆ ಮರಗಳ ಮೇಲೆ, ಮನೆಗಳ ಹೆಂಚಿಗೆ ತಾಗುವಷ್ಟು ಹತ್ತಿರ, ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಮರದ ಕೆಳಗೆ ನಿಂತರೆ ಮೀನಿನ ವಾಸನೆ ಗಪ್ಪೆಂದು ಬಡಿಯುತ್ತದೆ. ಹೆಜ್ಜಾರ್ಲೆ ಮರಿ ತಾಯಿಯ ಗಂಟಲ ಚೀಲದೊಳಗೆ ತಲೆಯನ್ನು ಕುತ್ತಿಗೆವರೆಗೂ ತೂರಿಸಿ ಮೀನು ತಿನ್ನುತ್ತದೆ. ಮೊದಲ ಸಲ ನೋಡಿದವರಿಗೆ ತಾಯಿ ಮರಿಯನ್ನು ನುಂಗುತ್ತಿದೆ ಎನಿಸಿ ಗಾಬರಿಯಾಗುತ್ತದೆ.

ಹಿಂದೆ ಈ ಊರು ಶಿಂಷಾ ನದಿಯ ದಂಡೆಯಲ್ಲಿತ್ತಂತೆ. ಪ್ಲೇಗ್ ಬಂದು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಊರವರು ಹೇಳುತ್ತಾರೆ. ಹಕ್ಕಿ ಬಂದರೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಎಂಬ ನಂಬಿಕೆ. ಮರದಡಿ ಗುಂಡಿ ತೋಡಿ ಹಿಕ್ಕೆ ಕೂಡಿಸಿ ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಗೂಡಿರುವ ಮರದ ಹುಣಸೆಹಣ್ಣು ಬಡಿಯುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರ ಹುಡುಗರ ಹೆಜ್ಜಾರ್ಲೆ ಬಳಗ ಹುಟ್ಟಿಕೊಂಡಿತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಕಾಡಿನ ಮರಗಳನ್ನು ಬಿಟ್ಟು ಜನರ ಹಿತ್ತಿಲನ್ನೇ ಆರಿಸಿಕೊಂಡ ಹಕ್ಕಿಗಳಿವು. ಅಲ್ಲಿಗೆ ಹೋಗಿ "ಜನ ಇರಬಾರದು" ಅಂದರೆ ಹೇಗೆ?

ಒಮ್ಮೆ ಪರಿಚಯದ ಒಂದು ಕುಟುಂಬದ ಜೊತೆ ಅಲ್ಲಿಗೆ ಹೋಗಿದ್ದೆ. ಹಕ್ಕಿಗಳು ಸುಮ್ಮನೆ ಕೂತಿದ್ದವು. ಮನೆಯ ಯಜಮಾನರಿಗೆ ಅವು ಹಾರುವ ವಿಡಿಯೋ ಬೇಕಿತ್ತು. ನಾನು ನೋಡನೋಡುತ್ತಿದ್ದಂತೆ ಮರದಡಿ ನಿಂತು ಜೋರಾಗಿ ಚಪ್ಪಾಳೆ ತಟ್ಟತೊಡಗಿದರು. ಎದುರು ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಎದ್ದು ಬಂದರು. "ಏನಪ್ಪಾ, ನಿಮ್ಮನೇಲಿ ಬಾಣಂತಿ ಮಲಗಿದ್ರೆ ಹಿಂಗೇ ತಟ್ತೀಯಾ?" ಅಂದರು. ಯಜಮಾನರು ತಪ್ಪಾಯ್ತು ಅನ್ನಲಿಲ್ಲ. ಕಾರು ಹತ್ತಿದ ಮೇಲೆ, "ಊರಿನವರು ಸ್ವಲ್ಪ ಒರಟು, ಅಲ್ವಾ?" ಅಂದರು. ಬೆಚ್ಚಿದ ತಾಯಿ ಹಕ್ಕಿ ದಡಬಡನೆ ಎದ್ದರೆ ಮೊಟ್ಟೆ ಉರುಳುತ್ತದೆ, ಮರಿ ಬೀಳುತ್ತದೆ. ಬಿದ್ದ ಮರಿಗೆ ಮೀನು ತಂದು ತಿನ್ನಿಸುವವರು ಆ "ಒರಟು" ಜನವೇ. ಇದನ್ನು ಅವರಿಗೆ ಅಂದೇ ಹೇಳಿದೆ, ದಾರಿಯುದ್ದಕ್ಕೂ ಹೇಳಿದೆ. ಆಮೇಲೆ ಅವರು ನನ್ನನ್ನು ಜಾಗ ಕೇಳಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅಲ್ಲಿ ಏನು ನಡೆದಿತ್ತು? ಯಾವ ತಿಂಗಳಲ್ಲಿ ಹೋಗಬೇಕು? ಯಾರನ್ನು ಮಾತಾಡಿಸಬೇಕು? ಹೀಗೆ ಕೇಳಿದವರಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಉತ್ತರ ಕೊಡುತ್ತೇನೆ.

ಏನು ನಡೆದಿತ್ತು ಎಂದು ಕೇಳಿದರೆ ಮದ್ದೂರಿನ ಮಗ್ಗುಲಲ್ಲೇ ಇರುವ ಶಿವಪುರಕ್ಕೆ ಕಳಿಸುತ್ತೇನೆ. ವಡೆಗೆ ನಿಲ್ಲಿಸಿದವರು ಸತ್ಯಾಗ್ರಹ ಸೌಧಕ್ಕೂ ಹೋಗಬಹುದು. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ನಿಷೇಧವನ್ನು ಮೀರಿ ಕಾಂಗ್ರೆಸ್ ಬಾವುಟ ಹಾರಿಸಿದ ಧ್ವಜ ಸತ್ಯಾಗ್ರಹ ನಡೆದದ್ದು ಅಲ್ಲಿ. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಕಾಂಗ್ರೆಸ್ಸಿನ ಲೆಕ್ಕಕ್ಕೂ ತಾಳೆಯಾಗಲೇ ಇಲ್ಲ. ಆಮೇಲೆ ಸರ್ದಾರ್ ಪಟೇಲರು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಕೂತು ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದು ಒಪ್ಪಂದವಾಯಿತು. ಇಷ್ಟೆಲ್ಲ ನಡೆದ ಜಾಗ ಬೆಂಗಳೂರಿಗೆ ಇಷ್ಟು ಹತ್ತಿರವಿದೆ. ಗೌರಿಬಿದನೂರಿನವರೆಗೆ ರೈಲೂ ಇದೆ. ವಿದುರಾಶ್ವತ್ಥದಲ್ಲಿ ವಿದುರ ನೆಟ್ಟದ್ದೆಂದು ಜನ ನಂಬಿದ್ದ ಅಶ್ವತ್ಥ ಮರ 2001ರಲ್ಲಿ ಬಿತ್ತು. ನಾಗರಕಲ್ಲುಗಳು ಸಾಲುಸಾಲಾಗಿ, ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಅರಿಶಿನ ಕುಂಕುಮ ಹಚ್ಚಿದ್ದರ ಪಕ್ಕದಲ್ಲೇ ಮುಖ ಸವೆದು ಹೆಡೆ ಮಾತ್ರ ಉಳಿದವು. ಎಲ್ಲರೂ ಅಲ್ಲಿ ಕೈಮುಗಿದು ಹೊರಟುಬಿಡುತ್ತಾರೆ. ದಯವಿಟ್ಟು ಸ್ಮಾರಕಕ್ಕೂ ಹೋಗಿ. ಕಲ್ಲಿನ ಮೇಲಿನ ಹೆಸರುಗಳನ್ನು ನಿಂತು ಓದಿ.

ಅರ್ಧ ದಿನ ಮಾತ್ರ ಇದ್ದರೆ ದೇವನಹಳ್ಳಿ ಪಕ್ಕದ ನಲ್ಲೂರು. ಸುಮಾರು 54 ಎಕರೆ ಹುಣಸೆ ತೋಪು, ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ, ನಡುವೆ ಪಾಳುಬಿದ್ದ ದೇಗುಲ. ಬುಡ ಟೊಳ್ಳಾದ ಮರಗಳೂ ಚಿಗುರಿ ನಿಂತಿವೆ. ನಂದಿಗೇ ಹೋಗುವುದಿದ್ದರೆ ಬೆಟ್ಟದ ಮೇಲಿನ ಮಂಜು ನೋಡಿ ಇಳಿದ ಮೇಲೆ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನನ್ನು ನೋಡದೆ ಬರಬೇಡಿ. ನೊಳಂಬರಿಂದ ವಿಜಯನಗರದವರೆಗೆ ಬಂದುಹೋದವರೆಲ್ಲ ಏನಾದರೊಂದು ಕಟ್ಟಿಸಿದ ಗುಡಿ ಅದು. ಒಳಗಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂರಿ.

ಕೊಕ್ಕರೆ ಬೆಳ್ಳೂರಿಗೆ ಮಳೆಗಾಲದಲ್ಲಿ ಹೋಗಿ "ಏನೂ ಇಲ್ಲ ಅಲ್ಲಿ" ಎಂದು ನನಗೆ ಫೋನ್ ಮಾಡಬೇಡಿ. ಜನವರಿಯಿಂದ ಮೇ ಒಳಗೆ ಹೋಗಿ. ಮಾರ್ಚ್ ಆದರೆ ಮರಿಗಳಿರುತ್ತವೆ. ಬೆಳಿಗ್ಗೆ ಬೇಗ ತಲುಪಿ, ಕಾರನ್ನು ಊರ ಹೊರಗೆ ನಿಲ್ಲಿಸಿ ನಡೆಯಿರಿ. ಹಾರ್ನ್ ಬೇಡ, ಡ್ರೋನ್ ಬೇಡ. ಜಗಲಿಯಲ್ಲಿ ಯಾರಾದರೂ ಕಂಡರೆ ಮೊದಲು ಅವರನ್ನು ಮಾತಾಡಿಸಿ, ಈ ವರ್ಷ ಎಷ್ಟು ಹಕ್ಕಿ ಬಂದಿವೆ ಎಂದು ಕೇಳಿ. ಮರ ಮರದ ಲೆಕ್ಕ ಕೊಡುತ್ತಾರೆ.