ಅಜ್ಜನ ಮನೆಗೆ ಬೋರ್ಡ್ ಹಾಕಿರ್ಲಿಲ್ವಾ?

5 ಅಕ್ಟೋಬರ್ 2025, ಭಾನುವಾರ
ಶಿವಮೊಗ್ಗ, ರಾತ್ರಿ 11.20

ಪುಟ್ಟಿ ಈಗಷ್ಟೇ ಮಲಗಿದಳು. ಬಚ್ಚಲಿಗೆ ಹೋಗಿ ಬಂದವಳು ಅಲ್ಲಿನ ಲೈಟ್ ಆರಿಸಿದಳು, ಅದು ದಿನಾ ಮಾಡುವುದೇ. ಆಮೇಲೆ ಹಾಲಿನದು ಆರಿಸಿದಳು. ಅಡುಗೆಮನೆಯದು ಆರಿಸಿದಳು. ಕುರ್ಚಿ ಎಳೆದುಕೊಂಡು ಹೋಗಿ ದೇವರ ಮುಂದಿನ ಸಣ್ಣ ಬಲ್ಬನ್ನೂ ಆರಿಸಿದಳು. ಕತ್ತಲೆ ಅಂದರೆ ಅಳುವ ಹುಡುಗಿ ಅವಳು. ತಡಕಾಡಿಕೊಂಡು ಬಂದು ನನ್ನ ಕೈ ಹಿಡಿದಳು. "ಅಮ್ಮಾ, ಇಷ್ಟು ಆರಿಸಿದ್ರೆ ಸಾಕಾ? ಅಜ್ಜನ ಮನೆ ಮೇಲೆ ಬರುತ್ತಾ?"

ಏನು ಹೇಳಲಿ? "ಮಲಕ್ಕೋ ಪುಟ್ಟಿ, ಬೆಳಿಗ್ಗೆ ಮಾತಾಡೋಣ" ಅಂದೆ. ಅವಳು ನಿದ್ದೆ ಮಾಡಿದಳು. ನನಗೆ ಆಗುತ್ತಿಲ್ಲ. ಅದಕ್ಕೇ ಬರೆಯುತ್ತಾ ಕೂತಿದ್ದೇನೆ.

ದಸರಾ ರಜೆ ಮುಗಿಯುತ್ತಾ ಬಂದಿತ್ತು, ಮಕ್ಕಳನ್ನು ಎಲ್ಲೂ ಕರೆದುಕೊಂಡು ಹೋಗಿರಲಿಲ್ಲ. ನಮ್ಮ ಯಜಮಾನರಿಗೆ ಇವತ್ತೊಂದೇ ರಜೆ. ಸಕ್ರೆಬೈಲಿಗೆ ಆನೆ ನೋಡಲು ಹೋಗೋಣ, ಹತ್ತಿರ ಆಗುತ್ತೆ ಅಂತ ನಾನು ಹೇಳಿದ್ದೆ. ಪುಟ್ಟಿ ಮಾತ್ರ ಸಿಗಂದೂರು ದೇವಸ್ಥಾನಕ್ಕೆ ಹೋಗುವ ಹೊಸ ಸೇತುವೆ ನೋಡಬೇಕು ಅಂತ ಹಟ ಹಿಡಿದಿದ್ದಳು. ಜುಲೈ 14ಕ್ಕೆ ಉದ್ಘಾಟನೆ ಆದಾಗ ಟಿವಿಯಲ್ಲಿ ನೋಡಿದ್ದು, ಅವತ್ತಿನಿಂದ ಒಂದೇ ಸಮನೆ ಸಿಗಂದೂರು ಸಿಗಂದೂರು. ಕೊನೆಗೆ ಅವಳೇ ಅಪ್ಪಯ್ಯನಿಗೆ ಫೋನ್ ಮಾಡಿ "ಅಜ್ಜಾ, ನೀನೂ ಬಾ" ಅಂದಳು. ಅಪ್ಪಯ್ಯ "ಹೂಂ, ಬರ್ತೆ" ಅಂದುಬಿಟ್ಟರು. ನಾನು ಕೇಳಿಸಿಕೊಂಡು ಹಾಗೇ ನಿಂತೆ. ಸಿಗಂದೂರಿಗೆ ಎಷ್ಟು ಸಲ ಕರೆದಿದ್ದೇವೆ, ಒಂದು ಸಲವೂ ಬಂದವರಲ್ಲ. ಸೇತುವೆ ಇಲ್ಲದಾಗ ಹಿನ್ನೀರು ದಾಟಲು ಲಾಂಚೇ ಗತಿ, "ಆ ಲಾಂಚ್ ನಾ ಹತ್ತೂದಿಲ್ಲ" ಅನ್ನುತ್ತಿದ್ದರು. ನೀರಿಗೆ ಹೆದರುತ್ತಾರೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಅಮ್ಮ ಇದ್ದಾಗ ಅವಳೂ ಹಾಗೇ ಹೇಳುತ್ತಿದ್ದಳು.

ಬೆಳಿಗ್ಗೆ ಕುಂಸಿಯಲ್ಲಿ ಅಪ್ಪಯ್ಯನನ್ನು ಹತ್ತಿಸಿಕೊಂಡೆವು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪೇಪರ್ ಮಡಚಿ ಹಿಡಿದುಕೊಂಡು ಗೇಟಿನ ಹತ್ತಿರವೇ ಕಾಯುತ್ತಿದ್ದರು.

ಸಾಗರದವರೆಗೆ ಏನೂ ತೊಂದರೆ ಇರಲಿಲ್ಲ. ಆವಿನಹಳ್ಳಿ ದಾಟಿದ ಮೇಲೆ ಚಿಕ್ಕವನು, ಮಾಣಿ, ವಾಂತಿ ಮಾಡಿದ. ತಪ್ಪು ನನ್ನದೇ. ಹೊರಡುವಾಗ ಅಳುತ್ತಿದ್ದಾನೆ ಅಂತ ಒಂದು ಲೋಟ ಹಾಲು ಕುಡಿಸಿದ್ದೆ. ತಿರುವಿನ ರಸ್ತೆಗೆ ಹೋಗುವ ದಿನ ಚಿಕ್ಕ ಮಕ್ಕಳಿಗೆ ಹಾಲು ಕೊಡಲೇಬಾರದು. ಒಣ ಅವಲಕ್ಕಿಯೋ ಇಡ್ಲಿಯೋ ಸ್ವಲ್ಪ ತಿನ್ನಿಸಿ, ಕಿಟಕಿ ಇಳಿಸಿ, ದೂರ ನೋಡು ಅಂತ ಹೇಳುತ್ತಾ ಹೋದರೆ ಎಷ್ಟೋ ವಾಸಿ. ಬಟ್ಟೆ ಇನ್ನೊಂದು ಜೊತೆ ಇತ್ತು, ಆದರೆ ಡಿಕ್ಕಿಯಲ್ಲಿ ಎಲ್ಲದರ ಅಡಿಗೆ ಹೋಗಿತ್ತು. ಸೀಟಿನ ಮೇಲೆ ಹಳೇ ಟವೆಲ್ ಹಾಸಿದ್ದರಿಂದ ಬಚಾವಾದೆವು. ಅವನನ್ನು ಒರೆಸಿ ಬೇರೆ ಅಂಗಿ ಹಾಕುವಷ್ಟರಲ್ಲಿ ಮಳೆ ಹನಿ ಶುರುವಾಯಿತು. ಇವರಿಗೆ ಸಿಟ್ಟು, ನನಗೆ ಅಳು. ಮಕ್ಕಳನ್ನು ಕಟ್ಟಿಕೊಂಡು ಯಾಕಾದರೂ ಹೊರಟೆವೋ ಅನ್ನಿಸಿತು. ಅಪ್ಪಯ್ಯ ಇಳಿದು ಬೇಲಿ ಪಕ್ಕ ಹೋಗಿ ಯಾವುದೋ ಎಲೆ ಕಿತ್ತು, ಉಜ್ಜಿ, ಮಾಣಿಯ ಮೂಗಿಗೆ ಹಿಡಿದರು. ಅವನು ನಕ್ಕ.

ಹೊಳೆಬಾಗಿಲಲ್ಲಿ ಸೇತುವೆಗೆ ಸ್ವಲ್ಪ ಮೊದಲೇ ಅಪ್ಪಯ್ಯ "ಇಲ್ಲಿ ಒಂಚೂರು ನಿಲ್ಲಿಸಿ" ಅಂದರು. ಮಕ್ಕಳು ಕಾಲು ಆಡಿಸಲಿ ಅಂತ ನಾವೂ ಇಳಿದೆವು. ಮಳೆ ನಿಂತಿತ್ತು. ಎದುರಿಗೆ ನೀರೇ ನೀರು, ನಡುನಡುವೆ ಹಸಿರು ಗುಡ್ಡದ ತಲೆ ಮಾತ್ರ ಕಾಣುತ್ತಿತ್ತು. ಹೋದ ಸಲ ನಾವು ಬಂದಾಗ ಇಲ್ಲೇ ಲಾಂಚಿಗೆ ಎರಡು ಗಂಟೆ ಕಾದಿದ್ದೆವು. ಪುಟ್ಟಿಗೆ ಆಗ ನಾಲ್ಕು ವರ್ಷ, ಮಾಣಿ ಕೈಗೂಸು, ಬಿಸಿಲು ಬೇರೆ. ಈಗ ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆ, ಮೂರು ನಿಮಿಷದಲ್ಲಿ ಆಚೆ ದಡ.

ಪುಟ್ಟಿ ಸೇತುವೆಯ ತಂತಿ ಎಣಿಸುತ್ತಿದ್ದಳು. ಅಪ್ಪಯ್ಯ ಆ ಕಡೆ ನೋಡುತ್ತಲೇ ಇರಲಿಲ್ಲ. ಎಡಕ್ಕೆ ತಿರುಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೀರನ್ನೇ ನೋಡುತ್ತಿದ್ದರು.

"ಅಜ್ಜಾ, ಏನು ನೋಡ್ತಿದ್ದೀಯಾ?"

"ನಮ್ಮನೆ."

"ಎಲ್ಲಿ?"

"ಅದಾ, ಆ ಎರಡು ಗುಡ್ಡ ಕಾಣ್ತಲ, ಅದರ ನಡುವೆ. ಅಡೀಗೆ."

ಮುಳುಗಡೆ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ನಮ್ಮವರೂ ಎದ್ದು ಬಂದವರು, 1964ಕ್ಕೆ ಅಣೆಕಟ್ಟು ಮುಗಿಯಿತು, ಅಪ್ಪಯ್ಯನಿಗೆ ಆಗ ಏಳೋ ಎಂಟೋ ವರ್ಷ, ಇಷ್ಟು ಗೊತ್ತು. ಮನೆಯಲ್ಲಿ ಮುಳುಗಡೆ ಮಾತು ಬಂದರೆ ಅದು ಜಮೀನಿನ ಕಾಗದದ್ದು, ಹಕ್ಕುಪತ್ರದ್ದು, ತಾಲ್ಲೂಕಾಫೀಸಿಗೆ ಅಲೆದದ್ದು. ಅರವತ್ತು ವರ್ಷ ಆದರೂ ಎಷ್ಟೋ ಮುಳುಗಡೆ ಸಂತ್ರಸ್ತರಿಗೆ ತಾವು ಉಳುವ ನೆಲದ ಹಕ್ಕುಪತ್ರ ಸಿಕ್ಕಿಲ್ಲ, ನಮ್ಮ ಚಿಕ್ಕಪ್ಪನ ಫೈಲೂ ಹಾಗೇ ಕೂತಿದೆ. ಆದರೆ ಮನೆ ಹೇಗಿತ್ತು, ಎಷ್ಟು ಕೋಣೆ, ಅಂಗಳದಲ್ಲಿ ಏನಿತ್ತು ಅಂತ ಅಪ್ಪಯ್ಯ ನನಗೆ ಯಾವತ್ತೂ ಹೇಳಿಲ್ಲ. ನಾನೂ ಕೇಳಿಲ್ಲ. ಅದು ಈಗ ಹೊಟ್ಟೆಗೆ ಚುಚ್ಚುತ್ತಿದೆ. ಮೂವತ್ತಾರು ವರ್ಷದಲ್ಲಿ ನಾನು ಕೇಳದೇ ಇದ್ದದ್ದನ್ನು ನನ್ನ ಮಗಳು ಹತ್ತು ನಿಮಿಷದಲ್ಲಿ ಕೇಳಿದಳು.

"ಬಾಗಿಲಿಗೆ ಬೀಗ ಹಾಕಿದ್ರಾ?"

"ಬಾಗಿಲೇ ಇರ್ಲಿಲ್ಲ ಪುಟ್ಟಿ. ಬಿಚ್ಚಿಕೊಂಡು ಬಂದ್ವಿ. ಬಾಗಿಲು, ಕಿಟಕಿ, ಹೆಂಚು, ತೊಲೆ. ಎಲ್ಲಾ ಲಾರಿಗೆ ಹಾಕಿದ್ರು. ಗೋಡೆ ಮಾತ್ರ ಬಿಟ್ವಿ."

"ಬಾಗಿಲು ಈಗ ಎಲ್ಲಿದೆ?"

"ನೀ ಬೆಳಿಗ್ಗೆ ಹಿಡ್ಕೊಂಡು ಜೋತಾಡಿದ್ಯಲ, ಅದೇ."

ಕುಂಸಿ ಮನೆಯ ಮುಂಬಾಗಿಲು! ಆ ದಪ್ಪ ಹಲಸಿನ ಬಾಗಿಲು. ಗೋಡೆಗಿಂತ ಅದು ಒಂದು ಗೇಣು ಗಿಡ್ಡ, ಮೇಲೆ ಹಲಗೆ ಬಡಿದು ಸಂದು ಮುಚ್ಚಿದ್ದಾರೆ. ಯಾಕೆ ಹೀಗೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಎರಡನೇ ಕ್ಲಾಸಿನಲ್ಲಿ ಅದರ ಮೇಲೆ ಸೀಮೆಸುಣ್ಣದಲ್ಲಿ ಮಗ್ಗಿ ಬರೆದಿದ್ದೆ ಅಂತ ಅಪ್ಪಯ್ಯ ನನಗೆ ಹೊಡೆದಿದ್ದರು. ಜೀವನದಲ್ಲಿ ಅವರು ನನಗೆ ಹೊಡೆದದ್ದು ಅದೊಂದೇ ಸಲ.

ಪುಟ್ಟಿಯ ಪ್ರಶ್ನೆ ನಿಲ್ಲಲಿಲ್ಲ. ದನ ಏನಾಯ್ತು? ನಡೆಸಿಕೊಂಡು ಬಂದರು. ಬಾವಿ? ಅದು ಅಲ್ಲೇ. ಬಾವಿಯೊಳಗೂ ನೀರು, ಮೇಲೂ ನೀರಾ? ಹೌದು. ಬೆಕ್ಕು ಇತ್ತಾ? ಇತ್ತು. ಬೆಕ್ಕು ಬಂತಾ? ಅಪ್ಪಯ್ಯ ಒಂದು ಕ್ಷಣ ಸುಮ್ಮನಿದ್ದು "ಬಂತು" ಅಂದರು.

"ಲಾಂಚಲ್ಲಿ ಯಾಕೆ ಬರ್ತಿರ್ಲಿಲ್ಲ ನೀನು?"

"ಮನೆ ಮಾಡಿನ ಮೇಲೆ ಹತ್ತಿ ಹೋದ ಹಾಗಾಗ್ತು ಅಂತ."

ಇವರು ಮಾಣಿಯನ್ನು ಎತ್ತಿಕೊಂಡು ಆ ಕಡೆ ಹೋದರು. ನಾನು ಬ್ಯಾಗಿನಲ್ಲಿ ಏನೋ ಹುಡುಕುವ ಹಾಗೆ ಮಾಡಿದೆ.

ಪ್ರತಿ ಮಳೆಗಾಲದಲ್ಲಿ ಅಪ್ಪಯ್ಯ ಬೆಳಿಗ್ಗೆ ಪೇಪರ್ ಬಿಡಿಸಿದ ಕೂಡಲೇ ಜಲಾಶಯದ ಮಟ್ಟ ಓದುತ್ತಾರೆ, ಜೋರಾಗಿ, ಮನೆಯವರಿಗೆಲ್ಲ ಕೇಳುವ ಹಾಗೆ. "ಲಿಂಗನಮಕ್ಕಿ ಇವತ್ತು ಇಷ್ಟು." ಪೂರ್ತಿ ತುಂಬಿದರೆ 1819 ಅಡಿ, ಅದು ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ರೈತರು, ಮಳೆ ಲೆಕ್ಕ ಬೇಕು, ಅದಕ್ಕೆ ಓದುತ್ತಾರೆ ಅಂದುಕೊಂಡಿದ್ದೆ. ನಮ್ಮ ಹೊಲಕ್ಕೂ ಲಿಂಗನಮಕ್ಕಿಗೂ ಏನು ಸಂಬಂಧ? ಒಂದು ತೊಟ್ಟು ನೀರೂ ಅಲ್ಲಿಂದ ಬರುವುದಿಲ್ಲ. ಅಂಗಳಕ್ಕೆ ನೀರು ಬಂತಾ, ಬಾವಿಕಟ್ಟೆ ಮುಳುಗಿತಾ ಅಂತ ಅವರು ದಿನಾ ನೋಡುತ್ತಿದ್ದರು ಅಂತ ಇವತ್ತು ಗೊತ್ತಾಯಿತು.

ದೇವಸ್ಥಾನದಲ್ಲಿ ಜನವೋ ಜನ. ದರ್ಶನ ಆಯಿತು, ಊಟ ಆಯಿತು.

ವಾಪಸ್ ಬರುವಾಗ ಪುಟ್ಟಿ ಕಾರಿನಲ್ಲಿ ಅಪ್ಪನನ್ನು ಹಿಡಿದುಕೊಂಡಳು. ನೀರು ಯಾಕೆ ನಿಲ್ಲಿಸಿದ್ರು? ಇವರಿಗೆ ಇಂಥದ್ದು ವಿವರಿಸುವುದು ಅಂದರೆ ಇಷ್ಟ. ಲಿಂಗನಮಕ್ಕಿ ನೀರು ಕಾಲುವೆಯಲ್ಲಿ ತಳಕಳಲೆಗೆ ಹೋಗುತ್ತೆ, ಅಲ್ಲಿಂದ ದೊಡ್ಡ ದೊಡ್ಡ ಪೈಪಿನಲ್ಲಿ ಗುಡ್ಡದ ಕೆಳಗೆ ಧುಮುಕುತ್ತೆ, ಅಲ್ಲಿ ಹತ್ತು ಯಂತ್ರ ಇವೆ, ಅವು ತಿರುಗಿದರೆ ಕರೆಂಟು, 1035 ಮೆಗಾವ್ಯಾಟ್, ಅದರಿಂದಲೇ ಲೈಟು, ಫ್ಯಾನು, ನಿನ್ನ ಟಿವಿ. ಚೆನ್ನಾಗಿಯೇ ಹೇಳಿದರು. ಅವಳು ಬಾಯಿ ತೆರೆದುಕೊಂಡು ಕೇಳಿದಳು. ಅದು ಅವಳ ತಲೆಯೊಳಗೆ ಹೋಗಿ ಏನಾಗುತ್ತದೆ ಅಂತ ನಮಗಿಬ್ಬರಿಗೂ ಹೊಳೆಯಲಿಲ್ಲ.

ಅವಳು ಈಗ ಒಂದನೇ ಕ್ಲಾಸು. ಕಂಡದ್ದನ್ನೆಲ್ಲ ಓದುವ ಹುಚ್ಚು. ಒತ್ತಕ್ಷರ ಬಂದರೆ ಮಾತ್ರ ನಿಂತುಬಿಡುತ್ತಾಳೆ. ಒಂದು ಅಡಿಕೆ ತೋಟದ ಬೇಲಿಗೆ ಬೋರ್ಡ್ ಇತ್ತು, ಮಲೆನಾಡಿನಲ್ಲಿ ಎಲ್ಲಾ ಕಡೆ ಇರುತ್ತದಲ್ಲ. ಎದುರಿಂದ ಬಸ್ ಬಂತು ಅಂತ ಇವರು ಕಾರು ಪಕ್ಕಕ್ಕೆ ಹಾಕಿದ್ದರಿಂದ ಅವಳಿಗೆ ಪೂರ್ತಿ ಓದಲು ಸಮಯ ಸಿಕ್ಕಿತು. "ಸಿ-ಗಂ-ದೂ-ರು ಚೌ-ಡೇ-ಶ್... ಶ್ವ-ರಿ ದೇ-ವಿ-ಯ ಕಾ-ವ-ಲಿ-ದೆ." ಹಾಗಂದರೆ ಏನು ಅಂತ ಕೇಳಿದಳು. ಈ ತೋಟವನ್ನು ಅಮ್ಮನವರು ಕಾಯುತ್ತಾರೆ, ಯಾರೂ ಏನೂ ತೆಗೆದುಕೊಂಡು ಹೋಗುವ ಹಾಗಿಲ್ಲ ಅಂತ ನಾನು ಹೇಳಿದೆ.

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ ಹಿಂದಿನ ಸೀಟಿನಿಂದ, "ಅಜ್ಜಾ, ನಿಮ್ಮನೆಗೆ ಬೋರ್ಡ್ ಹಾಕಿರ್ಲಿಲ್ವಾ?"

ಕಾರಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಅಪ್ಪಯ್ಯ ಅವಳ ತಲೆ ಸವರಿದರು. "ಅದು ಕಳ್ಳರಿಗೆ ಹಾಕೋ ಬೋರ್ಡು ಪುಟ್ಟಿ. ನೀರು ಕಳ್ಳ ಅಲ್ಲ ಅಲ್ದಾ?"

"ಮತ್ತೆ ಯಾರು ಕಳ್ಳ?"

ಅದಕ್ಕೆ ಅವರು ಏನೂ ಹೇಳಲಿಲ್ಲ. ಕಿಟಕಿಯ ಆಚೆ ನೋಡಿದರು. ಅವಳಿಗೆ ಉತ್ತರ ಸಿಗದೆ, ತಾನೇ ಒಂದು ಉತ್ತರ ಮಾಡಿಕೊಂಡಿದ್ದಾಳೆ ಅಂತ ಕಾಣುತ್ತದೆ. ಲೈಟ್ ಹಾಕುವವರು. ತಾನು, ಅಮ್ಮ, ಅಪ್ಪ, ಟಿವಿ.

ಮಕ್ಕಳಿಗೆ ಎಷ್ಟು ಹೇಳಬೇಕು? ಪ್ರವಾಸಕ್ಕೆ ಕರೆದುಕೊಂಡು ಹೋಗಿ ಜೋಗ ನೋಡು, ಆನೆ ನೋಡು, ಐಸ್‌ಕ್ರೀಂ ತಿನ್ನು ಅಂದರೆ ಸಾಕಾ? ಇವರು ಅದನ್ನೇ ಅಂದರು, ಆರು ವರ್ಷದ ಮಗುವಿಗೆ ಇದೆಲ್ಲ ಯಾಕೆ ಅಂತ. ನಾನು ಒಪ್ಪಲಿಲ್ಲ, ಸ್ವಲ್ಪ ಜಗಳವೇ ಆಯಿತು. ಅವಳು ಕೇಳದಿದ್ದರೆ ಅಪ್ಪಯ್ಯ ಬಾಯಿ ಬಿಡುತ್ತಲೇ ಇರಲಿಲ್ಲ. ಆದರೆ ಕತ್ತಲಲ್ಲಿ ನನ್ನ ಕೈ ಹಿಡಿದಾಗ ಅವಳ ಕೈ ತಣ್ಣಗಿತ್ತು, ಅದೂ ನಿಜ.

ಬೇಸಿಗೆಗೆ ಮತ್ತೆ ಹೋಗೋಣ ಅಂತ ಹೇಳಿದ್ದೇನೆ. ಏಪ್ರಿಲ್ ಮೇ ಹೊತ್ತಿಗೆ ನೀರು ಇಳಿದರೆ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದೆ, ಮಡೆನೂರು ಡ್ಯಾಂ ಅಂತಾರಲ್ಲ, ಅದು. 1948ರಲ್ಲಿ ಕಟ್ಟಿ ಮುಗಿಸಿದ ಅಷ್ಟು ದೊಡ್ಡ ಅಣೆಕಟ್ಟು, ಲಿಂಗನಮಕ್ಕಿ ಬಂದ ಮೇಲೆ ಅದೂ ಮುಳುಗಿತು. ಅದನ್ನು ತೋರಿಸಿದರೆ ನೀರು ಇಳಿಯುತ್ತೆ, ಏರುತ್ತೆ, ನಮ್ಮನೆ ಲೈಟಿನಿಂದ ಅಲ್ಲ ಅಂತ ಅವಳಿಗೆ ಗೊತ್ತಾಗಬಹುದು. ಅಪ್ಪಯ್ಯನ ಮನೆಯ ಜಾಗವೂ ಕಾಣಬಹುದಾ? ಕೇಳಲು ಧೈರ್ಯ ಬರಲಿಲ್ಲ.

ಒಂಬತ್ತೂವರೆಗೆ ಅಪ್ಪಯ್ಯನ ಫೋನ್ ಬಂದಿತ್ತು. ಕುಂಸಿಯಲ್ಲಿ ಇಳಿಸಿ ಬಂದು ಎರಡು ಗಂಟೆಯೂ ಆಗಿರಲಿಲ್ಲ. ಅವರಾಗಿ ಫೋನ್ ಮಾಡುವುದು ಕಡಿಮೆ.

"ಮಾಣಿ ಹೆಂಗಿದ್ದ?"

"ಆರಾಮಿದ್ದಾನೆ ಅಪ್ಪಯ್ಯ. ಮಲಗಿದ."

"ಪುಟ್ಟಿ?"

"ಹೋಂವರ್ಕ್ ಮಾಡ್ತಿದ್ದಾಳೆ. ಕೊಡ್ಲಾ?"

"ಬ್ಯಾಡ, ಬ್ಯಾಡ." ಸ್ವಲ್ಪ ಹೊತ್ತು ಬಿಟ್ಟು, "ತಂಗಿ, ಆ ಬೆಕ್ಕು ಬರ್ಲಿಲ್ಲೆ. ಗೋಣಿಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ರು. ಲಾರಿ ಶಬ್ದಕ್ಕೆ ಹೆದರಿ ಹರ್ಕೊಂಡು ಹಾರ್ತು. ವಾಪಸ್ ಮನೆ ಕಡೆಗೇ ಓಡ್ತು. ಪುಟ್ಟಿಗೆ ಹೇಳಡ."

ನಾನು ಹೂಂ ಅಂದೆ. ಎಷ್ಟೋ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆ ಬಾಗಿಲು ಹಾಕಿದ ಸದ್ದು ಕೇಳಿಸಿತು, ಅದೇ ಬಾಗಿಲು, ಚಿಲಕ ಎರಡು ಸಲ ಎಳೆದರೆ ಮಾತ್ರ ಬೀಳುವುದು.

ಬೆಳಿಗ್ಗೆ ಎದ್ದ ಕೂಡಲೇ ಅವಳು ಬೆಕ್ಕಿನ ಬಣ್ಣ ಕೇಳುತ್ತಾಳೆ, ನನಗೆ ಗೊತ್ತು. ಇವತ್ತೇ ಎರಡು ಸಲ ಕೇಳಿದಳು. ಏನು ಹೇಳುವುದು ಅಂತ ಅಪ್ಪಯ್ಯನನ್ನೇ ಕೇಳಬೇಕಿತ್ತು, ಆಗ

ಮಾಣಿ ಎದ್ದ. ಕೆಮ್ಮುತ್ತಿದ್ದಾನೆ. ಒದ್ದೆ ಬಟ್ಟೆಯಲ್ಲಿ ಅಷ್ಟು ಹೊತ್ತು ಬಿಡಬಾರದಿತ್ತು. ಔಷಧಿ ಬಾಟಲಿ ಎಲ್ಲಿಟ್ಟೆನೋ. ಪುಟ್ಟಿಗೆ ಎಚ್ಚರ ಆಗದ ಹಾಗೆ ಲೈಟ್ ಹಾಕಬೇಕು.